ಗಡಿ ಮಾಸ್ತರರು

ಅವರ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕೇಳಲು ಇಳಕಲ್ಲಿನಿಂದ ಇಬ್ಬರು ಹಿರಿಯರು ಬಾಗಲಕೋಟೆಯ ನಮ್ಮ ಮನೆಯವರೆಗೂ ಬಂದಿದ್ದರು. ಚಹಾ ಕುಡಿಯುತ್ತ, "ನೀವು ಅವರ ಕೈಕೆಳಗ ನೌಕರಿ ಮಾಡಿದವರು, ಹತ್ತಿರದಿಂದ ಬಲ್ಲವರು" ಎಂದರು. ಹತ್ತಿರದಿಂದ ಬಲ್ಲೆ, ತೊಡಕು ಇರುವುದೇ ಅಲ್ಲಿ. ನೋಡೋಣ ಎಂದು ಹೇಳಿ ಕಳಿಸಿದೆ. ಆ ಸಂಚಿಕೆಗೆ ಏನೂ ಕೊಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ಸತ್ತವರ ಮೇಲಿನ ಮರ್ಯಾದೆ ಅದಕ್ಕೆ ಕಾರಣ ಎಂದು ಯಾರೂ ತಿಳಿಯಬೇಡಿ. ಆ ಮನುಷ್ಯ ಬದುಕಿದ್ದೇ ಹೆಸರಿಗಾಗಿ. ನನ್ನ ಕೈಯಿಂದ ಅದೊಂದು ಅವರಿಗೆ ಸಿಗಬಾರದು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಇಳಕಲ್ಲಿನ ಒಂದು ಹೈಸ್ಕೂಲಿಗೆ ಗಣಿತ ಕಲಿಸಲು ಹೋದಾಗ ಅವರು ಅಲ್ಲಿ ಹೆಡ್‌ಮಾಸ್ತರರಾಗಿದ್ದರು. ಎತ್ತರದ ಆಳು. ಗಂಜಿ ಹಾಕಿದ ಖಾದಿ ಜುಬ್ಬ, ಚಾಕುವಿನ ಅಲಗಿನಂತೆ ಇಸ್ತ್ರಿಯಾದ ಬಿಳಿ ಟೋಪಿ. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಂಡು, ಎಲ್ಲರೂ ತಮ್ಮ ಕಡೆ ತಿರುಗಿದರೋ ಇಲ್ಲವೋ ಎಂದು ಒಮ್ಮೆ ಕಣ್ಣಾಡಿಸುತ್ತಿದ್ದರು. ಹಿಂದಿನ ಸಾಲಿನವನೊಬ್ಬ ತಿರುಗದಿದ್ದರೆ ಮತ್ತೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಶಾಲೆಯ ಉಳಿದ ಕೆಲಸವನ್ನೆಲ್ಲ ಕಾರಕೂನನ ಮೇಲೆ ಬಿಟ್ಟು ಇತಿಹಾಸದ ಪಾಠವೊಂದನ್ನು ತಮಗೇ ಇಟ್ಟುಕೊಂಡಿದ್ದರು. ಊರಿನವರು ಅವರನ್ನು ಗಡಿ ಮಾಸ್ತರರು ಎಂದು ಕರೆಯುತ್ತಿದ್ದರು. ಆ ಹೆಸರು ಅವರಿಗೆ ಬಹಳ ಇಷ್ಟವಾಗಿತ್ತು.

ಗಡಿ ಎಂದರೆ ಏನೆಂದು ಇಳಕಲ್ಲಿನವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಎರಡು ಮಾತು ಹೇಳಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಒಂದು ವರ್ಷ, ಕುಷ್ಟಗಿಯ ಕಡೆಯ ಹಳ್ಳಿಗಳು ನಿಜಾಮನ ರಾಜ್ಯದಲ್ಲೇ ಉಳಿದಿದ್ದವು. ಈಚೆ ಮುಂಬಯಿ ಪ್ರಾಂತ, ಆಚೆ ಹೈದರಾಬಾದ ಸಂಸ್ಥಾನ. ಈಚೆ ಕಲ್ದಾರ ರೂಪಾಯಿ ನಡೆಯುತ್ತಿತ್ತು, ಆಚೆ ನಿಜಾಮನ ಹಾಲಿ ರೂಪಾಯಿ. ನಡುವೆ ಸುಂಕದ ಕಟ್ಟೆ. ಆದರೂ ಜನ ಬೇರೆಯಾಗಿರಲಿಲ್ಲ. ಆಚೆಯ ಹೆಣ್ಣು ಈಚೆಗೆ ಸೊಸೆಯಾಗಿ ಬರುತ್ತಿದ್ದಳು, ಈಚೆಯ ನೂಲು ಆಚೆಯ ಮಗ್ಗಕ್ಕೆ ಹೋಗುತ್ತಿತ್ತು, ಮೊಹರಮ್ಮಿನಲ್ಲಿ ಲಿಂಗಾಯತರ ಹುಡುಗರೇ ಮುಂದೆ ನಿಂತು ಅಲಾಯಿ ಕುಣಿಯುತ್ತಿದ್ದರು. ಆ ಒಂದು ವರ್ಷದಲ್ಲಿ ಎಲ್ಲ ಹಾಳಾಯಿತು. ನಿಜಾಮನ ಕಡೆಯ ರಜಾಕಾರರು ಹಳ್ಳಿಗಳನ್ನು ಹೊಕ್ಕು ಸುಲಿಯತೊಡಗಿದಾಗ ಆಚೆಯ ಹಿಂದೂಗಳು ಗಂಟು ಕಟ್ಟಿಕೊಂಡು ಈಚೆಗೆ ಓಡಿ ಬಂದರು. ಗಡಿಯ ಉದ್ದಕ್ಕೂ ನಿಜಾಮನ ವಿರುದ್ಧ ಹೋರಾಡುವ ತರುಣರ ಕ್ಯಾಂಪುಗಳು ಎದ್ದವು. ಕಡೆಗೆ ಪೊಲೀಸ್ ಕಾರ್ಯಾಚರಣೆ ಎಂಬ ಹೆಸರಿನಲ್ಲಿ ಭಾರತದ ಸೈನ್ಯ ನುಗ್ಗಿತು, ನಿಜಾಮ ಶರಣಾದ. ಆಗ ಸೇಡು ತೀರಿಸಿಕೊಳ್ಳಲು ತಿರುಗಿ ಹೋದವರ ಕೈಗೆ ರಜಾಕಾರರು ಸಿಗಲಿಲ್ಲ. ಅವರು ಎಂದೋ ಕಾಲು ಕಿತ್ತಿದ್ದರು. ಸಿಕ್ಕವರು ಊರಲ್ಲೇ ಉಳಿದಿದ್ದ ಬಡ ಮುಸಲ್ಮಾನರು. ಬದುಕಿ ಉಳಿದವರು ತಾವೂ ಗಂಟು ಕಟ್ಟಿಕೊಂಡು, ಅದೇ ದಾರಿಯಲ್ಲಿ, ಇದೇ ಇಳಕಲ್ಲಿಗೆ ಬಂದರು.

ಹೀಗೆ ಒಂದೇ ಹಳ್ಳಿಯವರು ಎರಡು ಸಲ ಓಡಿಬಂದು ಒಂದೇ ಊರಿನ ಎರಡು ಓಣಿಗಳಲ್ಲಿ ನೆಲೆಸಿದರು. ಮೊದಲು ಬಂದವರಿಗೆ ಊರು ಗಂಜಿ ಹಾಕಿತು, ಜಾಗ ಕೊಟ್ಟಿತು, ಮುಂದೆ ಭಾಷಣದಲ್ಲಿ ಹಾಡಿ ಹೊಗಳಿತು. ಆಮೇಲೆ ಬಂದವರನ್ನು ಯಾರೂ ಏನೂ ಕೇಳಲಿಲ್ಲ. ಅವರೂ ಏನೂ ಹೇಳದೆ ಮಗ್ಗಕ್ಕೆ ಕೂತರು. ಇಪ್ಪತ್ತೈದು ಮೂವತ್ತು ವರ್ಷಗಳ ಮೇಲೆ ನಾನು ಹೋದಾಗಲೂ ಈ ಓಣಿಯವರಿಗೆ ಆ ಓಣಿಯವರ ಮೇಲೆ ಹಗೆಯೇನೂ ಕಾಣುತ್ತಿರಲಿಲ್ಲ. ಸಂತೆಯಲ್ಲಿ ಮಾತಾಡುತ್ತಿದ್ದರು, ಒಬ್ಬರ ಲಗ್ನಕ್ಕೆ ಒಬ್ಬರು ಹೋಗಿ ನಿಂತು ಬರುತ್ತಿದ್ದರು. ಆದರೆ ಊಟಕ್ಕೆ ಕೂಡುತ್ತಿರಲಿಲ್ಲ, ಹಳೆಯ ಊರಿನ ಸುದ್ದಿ ತೆಗೆಯುತ್ತಿರಲಿಲ್ಲ. ಗಾಯದ ಮೇಲೆ ಅಷ್ಟು ತೊಗಲು ಬಂದಿತ್ತು. ಅದನ್ನು ವರ್ಷಕ್ಕೊಮ್ಮೆ ಕೆರೆಯುವುದು ನಮ್ಮ ಹೆಡ್‌ಮಾಸ್ತರರ ಹವ್ಯಾಸವಾಗಿತ್ತು.

ಪೊಲೀಸ್ ಕಾರ್ಯಾಚರಣೆ ನಡೆದ ದಿನಗಳು ಬಂದವೆಂದರೆ ಅವರು ಶಾಲೆಯ ಅಂಗಳದಲ್ಲಿ ಒಂದು ಸಭೆ ಕರೆಯುತ್ತಿದ್ದರು. ಸರಕಾರ ರಜೆ ಕೊಡದಿದ್ದರೂ ಇವರು ಹಬ್ಬ ಮಾಡುತ್ತಿದ್ದರು. ಕರಿಹಲಗೆಯ ಮೇಲೆ ನಕಾಶೆ ಬರೆದು ನಡುವೆ ಕೆಂಪು ಸೀಮೆಸುಣ್ಣದ ಗೆರೆ ಎಳೆದು, "ಈಚಿ ನಾವು, ಆಚಿ ಅವರು" ಎನ್ನುವುದು ಅವರ ಪಾಠದ ಮೊದಲ ಮಾತು. ಅವರೇ ಆಚೆಯವರು ಎಂಬುದು ಅವರ ನೆನಪಿಗೆ ಬರುತ್ತಿರಲಿಲ್ಲ. ಹುಟ್ಟಿದ್ದು, ಓದಿದ್ದು ಎಲ್ಲ ನಿಜಾಮನ ರಾಜ್ಯದಲ್ಲಿ, ಅದೂ ಉರ್ದು ಶಾಲೆಯಲ್ಲಿ. ಆ ಭಾಷೆಯನ್ನು ಅವರು ಎಲ್ಲಿಯೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ಪರೀಕ್ಷೆಯ ಅಂಕ ಕೂಡಿಸಲು ಕೂತಾಗ ಅವರ ತುಟಿಗಳನ್ನು ನೋಡಬೇಕು. "ಪಾಂಚ್ ಔರ್ ಸಾತ್ ಬಾರಾ, ಬಾರಾ ಔರ್ ನೌ ಇಕ್ಕೀಸ್" ಎಂದು ಪಿಸುಗುಡುತ್ತಿದ್ದವು. ಯಾರಾದರೂ ಹತ್ತಿರ ಬಂದರೆ ಕೆಮ್ಮಿ, ಮೊದಲಿನಿಂದ ಕನ್ನಡದಲ್ಲಿ ಕೂಡಿಸಿ, ತಪ್ಪುತ್ತಿದ್ದರು. ತಪ್ಪಿದ್ದನ್ನು ತಿದ್ದುವುದು ಗಣಿತದ ಮಾಸ್ತರಿಣಿಯಾದ ನನ್ನ ಕೆಲಸ.

ಬಲಗೈಯ ಮೇಲೆ ಮೊಣಕೈವರೆಗೆ ಒಂದು ಉದ್ದನೆಯ ಕಲೆ ಇತ್ತು. ಹೊಸಬರು ಯಾರೇ ಬರಲಿ, ಇನ್‌ಸ್ಪೆಕ್ಟರರಿರಲಿ, ಪುಸ್ತಕ ಮಾರುವವನಿರಲಿ, ಜುಬ್ಬದ ತೋಳು ಏರುತ್ತಿತ್ತು. "ರಜಾಕಾರರ ಬರ್ಚಿರಿ. ಎಲುಬಿಗೆ ತಾಗಿ ಹೊಳ್ಳಿ ಹೋತು." ಬಂದವರು ಕೈ ಮುಗಿಯುತ್ತಿದ್ದರು. ಒಮ್ಮೆ ಗೌರಿ ಹುಣ್ಣಿಮೆಗೆ ಅವರ ಮನೆಗೆ ಹೋದಾಗ, ಒಲೆಯ ಮುಂದೆ ಕೂತಿದ್ದ ಅವರ ಹೆಂಡತಿ, ಪಾಪ, ಕಪಟ ಅರಿಯದ ಹೆಣ್ಣುಮಗಳು, ಮಾತಿಗೆ ಮಾತು ಬಂದು ನಕ್ಕುಬಿಟ್ಟರು. "ಬರ್ಚಿ ಎಲ್ಲಿದ್ರಿ ಬಾಯಾರ! ಸಣ್ಣಾವರಿದ್ದಾಗ ಲಗ್ನದ ಮನ್ಯಾಗ ಬುಂದೆ ಕರಿಯೂ ಮುಂದ ಬೆಲ್ಲದ ಪಾಕ ಬಿದ್ದದ್ದು." ಹೇಳಿದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು, "ಯಾರ ಮುಂದೂ ಅನಬ್ಯಾಡ್ರಿ ಮತ್ತ" ಎಂದರು. ನಾನು ಅನ್ನಲಿಲ್ಲ. ಪಾಕದ ಸುಳ್ಳಿನಿಂದ ಯಾರಿಗೆ ಏನು ನಷ್ಟ?

ಆಮೇಲೆ ಹೋರಾಟಗಾರರಿಗೆ ಮಾಸಾಶನ ಬರತೊಡಗಿದಾಗ ಅವರ ಬೆಲೆ ಇನ್ನೂ ಏರಿತು. ಯಾರು ಕ್ಯಾಂಪಿನಲ್ಲಿದ್ದರು, ಯಾರು ಇರಲಿಲ್ಲ ಎಂದು ಹೇಳುವ ಬಾಯಿ ಅವರದು. ಅವರು ಹೌದೆಂದರೆ ಅಂದು ತೊಟ್ಟಿಲಲ್ಲಿದ್ದವರೂ ಹೋರಾಟಗಾರರು. ಖರೇ ಕ್ಯಾಂಪಿನಲ್ಲಿ ರೊಟ್ಟಿ ಬಡಿದು ಹಾಕಿದ ಒಬ್ಬ ಮುದುಕಿ ಬಂದು ಶಾಲೆಯ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದಳು. "ರೊಟ್ಟಿ ಬಡಿಯೂದು ಹೋರಾಟ ಆಗಂಗಿಲ್ಲಬೇ" ಎಂದು ಅವಳನ್ನು ಎಬ್ಬಿಸಿ ಕಳಿಸಿದರು. ಆ ರೊಟ್ಟಿ ತಿಂದವರು ಇವರೇ.

ಇಷ್ಟೇ ಆಗಿದ್ದರೆ ಇಂಥವರು ಊರಿಗೊಬ್ಬರು ಇರುತ್ತಾರೆ, ನಕ್ಕು ಬಿಡಬಹುದಿತ್ತು. ಶಮೀಮಳ ವಿಷಯ ಬಂದ ಮೇಲೆ ನನಗೆ ನಗು ಬರಲಿಲ್ಲ.

ಶಮೀಮ ಒಂಬತ್ತನೆಯ ಇಯತ್ತೆಯ ಹುಡುಗಿ, ನೇಕಾರರ ಮನೆಯವಳು. ಲೆಕ್ಕದಲ್ಲಿ ಬಲು ಚುರುಕು. ಹಿಂದಿನ ಪಿರಿಯಡ್ ಹೆಡ್‌ಮಾಸ್ತರರದು, ಮುಂದಿನದು ನನ್ನದು. ಒಂದು ದಿನ ನಾನು ಒಳಗೆ ಹೋದಾಗ ವರ್ಗ ಸಪ್ಪಗಿತ್ತು. ಶಮೀಮ ತಲೆ ಎತ್ತಲಿಲ್ಲ. ಗಂಟೆ ಬಾರಿಸುವ ಮೊದಲೇ ಚೀಲ ತೆಗೆದುಕೊಂಡು ಎದ್ದು ಹೋದಳು. ಏನಾಯಿತೆಂದು ಅವಳ ಪಕ್ಕದ ಹುಡುಗಿ ಹೇಳಿದಳು.

ಮಾಸ್ತರರು ಎಂದಿನಂತೆ ಗೆರೆ ಎಳೆದು, "ಏಳವಾ ಶಮೀಮ. ನಿಮ್ಮ ಹಿರ್ಯಾರು ಆಚಿಯವರೋ ಈಚಿಯವರೋ?" ಎಂದು ಕೇಳಿದರಂತೆ.

"ಆಚಿಯವ್ರು ರೀ ಸರ್."

"ಯಾವೂರು?"

ಹೇಳಿದಳು. ಅದು ಮಾಸ್ತರರದೇ ಊರು.

"ಗದ್ದಲದಾಗ ನಿಮ್ಮಜ್ಜ ಯಾರ ಕಡೆ ಇದ್ದ?"

"ಗೊತ್ತಿಲ್ರಿ. ಆವಾಗ ನಮ್ಮಜ್ಜನ್ನ ಕೊಂದ್ರಂತ್ರಿ."

ಮಾಸ್ತರರು ಸೀಮೆಸುಣ್ಣದ ಪುಡಿ ಜಾಡಿಸಿಕೊಂಡು ಹೇಳಿದರಂತೆ, "ಸುಮ್ಮಸುಮ್ಮನ ಯಾರೂ ಯಾರನ್ನೂ ಕೊಲ್ಲಂಗಿಲ್ಲವಾ. ಕುಂದರು."

ಮರುದಿನ ಶಮೀಮ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹುನಗುಂದದ ಮೇಲೆ ಹಾಯ್ದು ನಮ್ಮೂರು ಬಾಗಲಕೋಟೆಗೆ ಹೋಗುವ ಬಸ್ಸು ಬಿಟ್ಟು ನಾನು ಅವಳ ಮನೆ ಹುಡುಕಿಕೊಂಡು ಹೋದೆ. ಓಣಿಯ ತುಂಬ ಮಗ್ಗದ ಸಪ್ಪಳ. ಶಮೀಮಳ ಅಪ್ಪ ನನ್ನನ್ನು ನೋಡಿ ಮಗ್ಗ ನಿಲ್ಲಿಸಿದ. ರಾಟಿಯ ಮುಂದೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದ ಅಜ್ಜಿ ಖಾಸಿಂಬಿಯೇ ಮಾತಾಡಿದಳು. "ಸಾಕ್ರಿ ಬಾಯಾರ ಅಕಿ ಸಾಲಿ. ಲಗ್ನ ಮಾಡಿಬಿಡ್ತೇವಿ." ಹೆಡ್‌ಮಾಸ್ತರರು ಆಡಿದ ಮಾತು ತಪ್ಪು, ಹುಡುಗಿ ಜಾಣೆ, ಬಿಡಿಸಬೇಡಿ ಎಂದು ನಾನು ಏನೇನೋ ಹೇಳಿದೆ. ಮುದುಕಿ ಕೇಳುತ್ತಲೇ ಕಂಡಿಕೆ ಸುತ್ತಿದಳು. ಕಡೆಗೆ ರಾಟಿ ನಿಲ್ಲಿಸಿ, "ಅಂವಗ ಗೊತ್ತೈತ್ರಿ ಅಕಿ ಯಾರ ಮೊಮ್ಮಗಳು ಅಂತ" ಎಂದಳು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ.

"ಅಂವ ನಮ್ಮೂರ ಹುಡುಗರಿ. ನಮ್ಮ ಮನಿಯವ್ರು ಇಮಾಮಸಾಬರು, ಅಂವ, ಇಬ್ಬರೂ ಒಂದ ಸಾಲ್ಯಾಗ ಅಲೀಫ್ ಬೇ ತಿದ್ದಿದವ್ರು, ನಮ್ಮವ್ರು ನಾಕೈದು ವರ್ಷ ದೊಡ್ಡವ್ರು. ಗದ್ದಲದಾಗ ಅಂವ ಕ್ಯಾಂಪ್ ಸೇರಿದ. ಒಂದಿನ ಅವ್ವನ್ನ ನೋಡಾಕಂತ ಕದ್ದು ಊರಿಗೆ ಬಂದಾಗ ರಜಾಕಾರರಿಗೆ ಸುಳುವು ಹತ್ತಿತು. ಹಿತ್ತಲ ಬಾಗಲದಿಂದ ನಮ್ಮ ಮನಿ ಹೊಕ್ಕ. 'ಇಮಾಮಣ್ಣಾ, ಉಳಸಪಾ' ಅಂದ. ನಮ್ಮದು ಕುಣಿ ಮಗ್ಗ. ನೇಯಾಂವ ಕಾಲು ಇಳಿಬಿಡೂ ಕುಣಿಯಾಗ ಅಂವನ್ನ ಮುದುಡಿಸಿ ಕುಂದರಿಸಿ, ಮ್ಯಾಲ ತಾವು ಕುಂತು ನೇಯಾಕ ಹತ್ತಿದ್ರು. ಕಾಲು ಅಂವನ ಬೆನ್ನ ಮ್ಯಾಲ. ಬಂದವ್ರು ಮನಿ ಎಲ್ಲಾ ನೋಡಿದ್ರು, ನೀರು ಕುಡದ್ರು, ಸೀರಿ ಅಂಚು ಚಲೋ ಬಂದೈತಿ ಅಂದು ಹ್ವಾದ್ರು. ಅಂವ ಮ್ಯಾಲ ಬಂದಾಗ ಧೋತರ ಹಸಿ ಆಗಿತ್ತು. ಆ ಕುಣಿ ನಾನ ಬಳದೇನ್ರಿ." ಮುದುಕಿ ಸಣ್ಣಗೆ ನಕ್ಕಳು. "ನಮ್ಮ ಮನಿಯವ್ರ ಲುಂಗಿ ಸುತ್ತಿಕೊಂಡು ಅಂವ ಗಡಿ ದಾಟಿದ."

ನಗು ಅಲ್ಲಿಗೇ ನಿಂತಿತು.

"ಮಿಲ್ಟ್ರಿ ಬಂದು ಹ್ವಾದ ಮ್ಯಾಲ ಕ್ಯಾಂಪಿನವ್ರು, ಅವರ ಸಂಗಾಟ ಯಾರ್ಯಾರೋ, ಹತ್ಯಾರ ಹಿಡಕೊಂಡು ಊರಿಗೆ ಬಂದ್ರು. ನಮ್ಮ ಓಣಿ ಗಂಡಸರನ್ನ ಚಾವಡಿ ಮುಂದ ನಿಲ್ಲಿಸಿದ್ರು. ಹೆಂಗಸ್ರು ನಾವು ಬಾಜೂಕ. ಚಾವಡಿ ಕಟ್ಟಿಮ್ಯಾಲ ಅಂವ ನಿಂತಿದ್ದ. ನಮ್ಮ ಮನಿಯವ್ರು ಅಂವನ ನೋಡಿ ಹೆಸರು ಹಿಡದು ಕರದ್ರು. ಗಾಬರಿಲೆ ಅಲ್ರಿ ಬಾಯಾರ, ಖುಷಿಲೆ ಕರದ್ರು. ಅಂವ ಅದಾನ, ಇನ್ನ ಅಂಜಿಕಿ ಇಲ್ಲ ಅಂತ. ಅಂವನ ಬಾಜೂಕ ಇದ್ದಾಂವ, 'ಯಾರಿಂವ? ನಿನ್ನ ಗುರ್ತಿನಾಂವೇನು?' ಅಂತ ಕೇಳಿದ. ಅಂವ ನಮ್ಮ ಮನಿಯವ್ರ ಮಾರಿ ನೋಡಿದ. 'ಗುರ್ತಿಲ್ಲ' ಅಂದ. ಅಷ್ಟ. ಎಲ್ಲಾರ್ನೂ ಹಳ್ಳದ ಕಡೆ ಕರಕೊಂಡು ಹ್ವಾದ್ರು."

ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರಿಗೆ ಹೇಳ್ಲಿ? ಊರಿಗೆ ಹಿರ್ಯಾ ಅಂವನ. ನಮಗ ನೂಲು ಕೊಡೂ ಸಾವಕಾರ ಅಂವನ ಬೀಗ."

ಸೋಮವಾರ ನಾನು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಶಮೀಮ ಶಾಲೆ ಬಿಟ್ಟಿರುವುದನ್ನು ಹೇಳಿದೆ, ಅವರೇ ಹೋಗಿ ಕರೆತರಬೇಕು ಎಂದೆ. ಅವರು ನಕ್ಕರು. "ಕುಂದರ್ರಿ ಬಾಯಾರ. ನೀವು ಬಾಗಲಕೋಟಿಯವ್ರು. ಗಡಿ ಗದ್ದಲ ನೀವು ಪುಸ್ತಕದಾಗ ಓದಿದವ್ರು."

"ಪುಸ್ತಕದಾಗ ಓದಿಲ್ರಿ ಸರ್. ಖಾಸಿಂಬಿ ಹೇಳಿದ್ರು."

ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅಂದೇ. "ಬದುಕ್ಯಾಳೇನು ಇನ್ನೂ?" ಎಂದರು.

ಒಂದೇ ಊರು. ಆ ಓಣಿ ಶಾಲೆಯಿಂದ ಕೂಗಳತೆ ದೂರ. ಅವರು ಯಾವಾಗಲೂ ಪೇಟೆ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದುದೇಕೆಂದು ನನಗೆ ಆಗ ಹೊಳೆಯಿತು.

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, ಭಾಷಣದ ದನಿಯಲ್ಲ, ಬೇರೆ ಯಾವುದೋ ಸಣ್ಣ ದನಿಯಲ್ಲಿ, "ಹೌದು ಅಂದಿದ್ರ ನನ್ನೂ ಆ ಸಾಲಿನಾಗ ನಿಲ್ಲಸ್ತಿದ್ರು" ಎಂದರು.

ಇರಬಹುದು. ಇಪ್ಪತ್ತೆರಡರ ಹುಡುಗ, ಸುತ್ತ ಹತ್ಯಾರು ಹಿಡಿದವರು. ಅಂಜಿದವನನ್ನು ನಾನು ಹೀಯಾಳಿಸುವುದಿಲ್ಲ. ಅಂಜಿಕೆ ಯಾರನ್ನು ಬಿಟ್ಟಿದೆ? ಅಷ್ಟು ಹೇಳಿ ಆ ಮನುಷ್ಯ ಬಾಯಿ ಮುಚ್ಚಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಅವರು ಟೋಪಿಯನ್ನು ಮತ್ತೆ ತಲೆಗೇರಿಸಿ ಗಂಟಲು ಸರಿಮಾಡಿಕೊಂಡರು. "ಹುಡುಗಿ ಬರ್ಲಿ. ಬ್ಯಾಡ ಅಂದವ್ರು ಯಾರು? ಆದ್ರ ಆ ಮುದುಕಿಗೆ ಬಾಯಿ ಭದ್ರ ಇಟಗೊಳ್ಳಾಕ ಹೇಳ್ರಿ. ಮತ್ತ ಬಾಯಾರ, ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ, ಅಲ್ರೀ?"

ನನಗೆ ಹೇಸಿಗೆಯಾಯಿತು. ಸೀದಾ ಖಾಸಿಂಬಿಯ ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುದುಕಿ ರಾಟಿ ಬದಿಗೆ ಸರಿಸಿ, "ನಾಳೆ ನಾನ ಬರ್ತೇನಿ" ಎಂದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾಗ ಖಾಸಿಂಬಿ ಮೊಮ್ಮಗಳ ಕೈ ಹಿಡಿದು ಅಂಗಳಕ್ಕೆ ಬಂದಳು. ಒಗೆದು ಮಡಿಸಿದ ಸೀರೆ, ತಲೆಯ ಮೇಲೆ ಸೆರಗು. ನಡುವೆ ಹಾಯ್ದು ನೆಟ್ಟಗೆ ಹೆಡ್‌ಮಾಸ್ತರರ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು, "ನನ್ನ ಗುರ್ತ ಸಿಕ್ತೇನ್ರಿ ಮಾಸ್ತರ?"

ಮಕ್ಕಳಿಗೆ ಏನೂ ತಿಳಿಯಲಿಲ್ಲ. ನಾನು ಮಾತ್ರ ಅವರ ಮುಖ ನೋಡುತ್ತಿದ್ದೆ. ಮುಖ ಮೊದಲು ಬಿಳಿಚಿತು, ಆಮೇಲೆ ಸುತ್ತ ನೋಡಿತು, ನೋಡುವವರು ಬರೀ ಮಕ್ಕಳು ಎಂದು ಅರಿತು ಹಿಗ್ಗಿತು. ಎರಡೂ ಕೈ ಮುಗಿದು, "ಸಿಗದ ಏನವ್ವಾ! ನಮ್ಮೂರ ಖಾಸಿಂಬಿ! ಬಾ ತಾಯಿ" ಎಂದರು. ಗುರುತು ಹೇಳಿದರೆ ತಮಗೇನೂ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಹೇಳಿದರು.

"ಹಂಗಾರ ಹುಡುಗೀನ ಸಾಲಿಗೆ ಬಿಟ್ಟೇನಿ. ಮ್ಯಾಟ್ರಿಕ್ ಆಗೂಮಟ ಅಕಿಗೆ ಯಾರೂ ಏನೂ ಅನಬಾರ್ದು" ಎಂದು ಹೇಳಿ ಮುದುಕಿ ತಿರುಗಿ ನೋಡದೆ ಹೋದಳು. ಆಮೇಲೆ ಶಮೀಮಳನ್ನು ಯಾರೂ ಏನೂ ಅನ್ನಲಿಲ್ಲ. ಇತಿಹಾಸದ ಪಾಠದಲ್ಲಿ ಗೆರೆ ಎಳೆಯುವುದೂ ಆ ವರ್ಷ ನಿಂತಿತು. ನಾಚಿಕೆಯೋ ಏನೋ ಎಂದುಕೊಂಡೆ. ನಾಚಿಕೆಯಲ್ಲ, ಅವರು ಒಳಗೊಳಗೇ ಹೊಸ ಪಾಠ ಕಟ್ಟುತ್ತಿದ್ದರು.

ಅದು ಹೊರಬಿದ್ದದ್ದು ಮುಂದಿನ ವರ್ಷದ ಸಭೆಯಲ್ಲಿ. ಪೇಟೆಯ ಸಾವಕಾರರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾಸ್ತರರು ಮೈಕಿನ ಮುಂದೆ ನಿಂತು ದನಿ ಇಳಿಸಿದರು. "ಇಲ್ಲೀತನಕ ನಾ ಈ ಮಾತು ಯಾರ ಮುಂದೂ ಹೇಳಿಲ್ಲ. ನಾ ಮಾಡಿದ್ದನ್ನ ನಾನ ಹೇಳ್ಕೊಬಾರ್ದು ಅಂತ ಸುಮ್ಮನಿದ್ದೆ" ಎಂದು ಶುರುಮಾಡಿದರು. ಗದ್ದಲದ ಕಾಲದಲ್ಲಿ ತಮ್ಮ ಊರಿನ ಒಬ್ಬ ಬಡ ಮುಸಲ್ಮಾನ ನೇಕಾರನ ಹೆಂಡಿರು ಮಕ್ಕಳನ್ನು ಉದ್ರಿಕ್ತ ಜನರಿಂದ ಪಾರುಮಾಡಲು ಮಗ್ಗದ ಕುಣಿಯಲ್ಲಿ ಅಡಗಿಸಿಟ್ಟು, ಮೇಲೆ ತಾವೇ ಕೂತು, ಬಾರದ ಕೈಯಿಂದ ಲಾಳಿ ಹಾಯಿಸುತ್ತ ಬಂದವರನ್ನು ಸಾಗಹಾಕಿದ್ದಾಗಿ ಹೇಳಿದರು. "ಮನುಷ್ಯತ್ವಕ್ಕ ಗಡಿ ಇಲ್ರಿ!" ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಒಬ್ಬ ಸಾವಕಾರರು ಕಣ್ಣು ಒರೆಸಿಕೊಂಡರು. ಹತ್ತನೆಯ ಇಯತ್ತೆಯ ಸಾಲಿನಲ್ಲಿ ಕೂತಿದ್ದ ಶಮೀಮ ನೆಲ ನೋಡುತ್ತಿದ್ದಳು.

ನಾನು ಕುದಿಯುತ್ತ ಖಾಸಿಂಬಿಯ ಮನೆಗೆ ಓಡಿದೆ. ಇದನ್ನು ಬಯಲಿಗೆಳೆಯಲೇಬೇಕು, ನೌಕರಿ ಹೋದರೆ ಹೋಗಲಿ, ನಾನು ಸಾಕ್ಷಿ ನಿಲ್ಲುತ್ತೇನೆ ಎಂದೆ. ಶಮೀಮ ಅದಾಗಲೇ ಎ‌ಲ್ಲ ಹೇಳಿದ್ದಳು. ಮುದುಕಿ ನನ್ನ ಮುಂದೆ ನೀರಿನ ತಂಬಿಗೆ ಇಟ್ಟಳು.

"ಹೇಳ್ಲಿ ಬಿಡ್ರಿ ಬಾಯಾರ. ಅಂವ ಆ ಸುಳ್ಳು ಹೇಳೂಮಟ ನಮ್ಮ ಹುಡುಗಿ ಅಂವಗ ಬೇಕಾಗ್ತಾಳ, ತಾ ಉಳಿಸಿದ ಮನಿ ಕೂಸು ಅಂತ ಮಂದಿಗೆ ತೋರಸಾಕ. ಅಕಿ ಸಾಲಿ ಕಲೀಲಿ."

ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಅವಳ ಗಂಡ, ಅವಳ ದುಃಖ, ಅವಳ ಸತ್ಯ. ಅದನ್ನು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಿಡಬೇಕು ಎಂಬುದು ಅವಳಿಗೆ ಸೇರಿದ್ದು. ನಾನು ನೀರು ಕುಡಿದು ಎದ್ದು ಬಂದೆ.

ಅವಳ ಲೆಕ್ಕ ತಪ್ಪಲಿಲ್ಲ. ಶಮೀಮ ಮ್ಯಾಟ್ರಿಕ್‌ ಪಾಸಾದಳು, ಶಿಕ್ಷಕರ ತರಬೇತಿ ಮುಗಿಸಿ ಬಾದಾಮಿಯ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದಳು. ಅವಳು ಮೊದಲ ಪಗಾರದಲ್ಲಿ ತಂದುಕೊಟ್ಟ ಸೀರೆ ಉಟ್ಟು ಖಾಸಿಂಬಿ ಒಂದು ವರ್ಷ ಓಡಾಡಿದಳು, ಆಮೇಲೆ ತೀರಿಕೊಂಡಳು. ನನಗೂ ಬಾಗಲಕೋಟೆಯಲ್ಲಿ ನೌಕರಿ ಸಿಕ್ಕಿ ಇಳಕಲ್ಲು ಬಿಟ್ಟೆ.

ಮಾಸ್ತರರು ನಿವೃತ್ತರಾದಾಗ ಮಾಡಿದ ಮೆರವಣಿಗೆಗೆ ಹೋಗಿದ್ದೆ. ತೆರೆದ ಜೀಪಿನಲ್ಲಿ ಅವರು ನಿಂತಿದ್ದರು. ಅದರ ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹಲಗೆಯ ಮಗ್ಗ ಕಟ್ಟಿ, ಟೋಪಿ ತೊಟ್ಟ ಒಬ್ಬ ವಿದ್ಯಾರ್ಥಿಯನ್ನು ನೇಯಲು ಕೂರಿಸಿ, ಕೆಳಗೆ ಬುರಖಾ ಹೊದಿಸಿದ ಇನ್ನೊಬ್ಬನನ್ನು ಮುದುಡಿಸಿ ಕೂರಿಸಿದ್ದರು. ಖಾಸಿಂಬಿ ಜನ್ಮದಲ್ಲಿ ಬುರಖಾ ಹಾಕಿದವಳಲ್ಲ. ಮಾಸ್ತರರು ಆಗಾಗ ಹಿಂದೆ ತಿರುಗಿ ಆ ಟ್ರೇಲರನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಅವರು ಅದನ್ನು ಪೂರ್ತಿ ನಂಬಿದ್ದರು ಎಂದು ನನಗೆ ತೋರಿತು. ತಾನು ಹೇಳಿದ ಸುಳ್ಳಿಗೆ ತಾನೇ ಕಣ್ಣೀರು ಹಾಕುವವನನ್ನು ಏನೆಂದು ಕರೆಯುವುದು? ನಮ್ಮ ಕಡೆಯ ಬೈಗುಳಗಳಲ್ಲಿ ಅದಕ್ಕೆ ತಕ್ಕುದು ಇನ್ನೂ ಹುಟ್ಟಿಲ್ಲ.

ಹೋದ ವರ್ಷ ಸತ್ತರು. ಊರು ಅಂಗಡಿ ಮುಚ್ಚಿತು. ಶೋಕಸಭೆಗೆ ನನ್ನನ್ನೂ ಕರೆದಿದ್ದರು, ಶಮೀಮಳನ್ನಂತೂ ಮುದ್ದಾಂ ಕರೆಸಿದ್ದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಆ ಮಗ್ಗದ ಕಥೆಯನ್ನೇ ಹೇಳಿದರು. ಕೊನೆಗೆ ಅಧ್ಯಕ್ಷರು, "ಮಾಸ್ತರು ಉಳಿಸಿದ ಮನೆತನದ ಕುಡಿ, ನಮ್ಮ ಊರ ಮಗಳು ಶಮೀಮ ಟೀಚರ್ ಎರಡು ಮಾತಾಡ್ತಾರ" ಎಂದು ಘೋಷಿಸಿದರು.

ಶಮೀಮ ಮೈಕಿನ ಮುಂದೆ ನಿಂತಳು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ಅವಸರವಿಲ್ಲದೆ ಹೇಳಿದಳು.

"ನಮ್ಮಜ್ಜನ ಹೆಸರು ಇಮಾಮಸಾಬ. ಮಗ್ಗದ ಕುಣಿಯಾಗ ಕುಂತಿದ್ದವರು ಮಾಸ್ತರು. ಮ್ಯಾಲ ಕುಂತು ನೇದಾಂವ ನಮ್ಮಜ್ಜ. ಮುಂದ ಚಾವಡಿ ಮುಂದ ನಮ್ಮಜ್ಜ ಕರದಾಗ ಮಾಸ್ತರು ಗುರ್ತಿಲ್ಲ ಅಂದ್ರು. ನಮ್ಮಜ್ಜ ತಿರುಗಿ ಮನಿಗೆ ಬರಲಿಲ್ಲ. ಇದನ್ನ ನಮ್ಮಜ್ಜಿ ನನಗ ಹೇಳ್ಯಾಳ. ನಾ ನಿಮಗ ಹೇಳೇನಿ."

ಅಷ್ಟು ಹೇಳಿ ಇಳಿದು ಬಂದು ನನ್ನ ಪಕ್ಕದಲ್ಲಿ ಕೂತಳು. ಈಗ ಏನಾದರೂ ಆಗುತ್ತದೆ ಎಂದುಕೊಂಡೆ. ಯಾರಾದರೂ ಎದ್ದು ಬೈಯುತ್ತಾರೆ, ಇಲ್ಲವೇ ಖರೆ ಏನು ಎಂದು ಕೇಳುತ್ತಾರೆ.

ಅಧ್ಯಕ್ಷರು ಎದ್ದರು. ಮುಖದಲ್ಲಿ ಮರುಕವಿತ್ತು. "ಶಮೀಮ ಟೀಚರ್ ದುಃಖದಾಗ ಅದಾರ. ಹೇಳೂಮುಂದ ಒಂದೀಟು ಹಿಂದುಮುಂದ ಆತು. ಇರ್ಲಿ, ಅವರ ಭಾವನಾ ನಮಗೆಲ್ಲಾ ತಿಳದೈತಿ" ಎಂದರು. ಮುಂದಿನ ಸಾಲಿನವರು ತಲೆದೂಗಿದರು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮೃತರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಂಡರು.

ನಾನು ಏಳಲಿಲ್ಲ. ಆದರೆ ಶಮೀಮ ಎದ್ದು ನಿಂತಳು. ಕೈ ಕಟ್ಟಿ, ತಲೆ ಬಾಗಿಸಿ, ಎಲ್ಲರೂ ಕೂತ ಮೇಲೂ ಒಂದು ಗಳಿಗೆ ನಿಂತೇ ಇದ್ದಳು.

ಹುನಗುಂದದ ಬಸ್ಸಿನಲ್ಲಿ ಕೇಳಿದೆ, "ಅವರಿಗೆ ಯಾಕ ಎದ್ದು ನಿಂತಿವಾ ಶಮೀಮ?"

"ಅವರಿಗೆ ಅಲ್ರಿ ಬಾಯಾರ," ಎಂದಳು. "ಇಷ್ಟು ಮಂದಿ ಕೂಡಿ ಸುಮ್ಮನ ನಿಂತಿದ್ರಲ್ಲ, ನಾ ನಮ್ಮಜ್ಜಗ ನಿಂತೆ."